ಶಾಲೆಯಲ್ಲಿ ಮಕ್ಕಳಿಗೆ ಕೌನ್ಸೆಲಿಂಗ್ ಮಾಡಲು ಯಾರಿಗೆ ಅರ್ಹತೆ ಇದೆ?

ನಿಮ್ಮ ಮಗಳ ಶಾಲೆಯಲ್ಲಿ ವಿಜ್ಞಾನದ ಮೇಡಂ ಒಂದು ವಾರದ ಆನ್‌ಲೈನ್ ಕೋರ್ಸ್ ಮುಗಿಸಿ ಕೌನ್ಸೆಲರ್ ಆಗಿದ್ದಾರೆ, ಇದು ಸರಿಯಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಶಾಲೆಗಳಲ್ಲಿ ಇದೇ ಕೆಲಸ ಮಾಡುತ್ತೇನೆ. ಮೇಡಂ ಎಷ್ಟೇ ಒಳ್ಳೆಯವರಾಗಿದ್ದರೂ ಅಷ್ಟು ತರಬೇತಿ ಸಾಲದು.

ಸಿಬಿಎಸ್‌ಇಯ 2018ರ ಬೈಲಾದಲ್ಲಿ (ಶಾಲೆಗಳ ಮಾನ್ಯತೆಯ ನಿಯಮಾವಳಿ) ಕೌನ್ಸೆಲರ್‌ಗೆ ಏನು ಓದಿರಬೇಕು ಅಂತ ಬರೆದಿತ್ತು. ಸೈಕಾಲಜಿಯಲ್ಲಿ ಪದವಿ ಅಥವಾ ಚೈಲ್ಡ್ ಡೆವಲಪ್‌ಮೆಂಟ್‌ನಲ್ಲಿ ಸ್ನಾತಕೋತ್ತರ ಪದವಿ ಇರಬೇಕಿತ್ತು. ಇಲ್ಲವೇ ಬೇರೆ ಪದವಿಯ ಜೊತೆ ಕರಿಯರ್ ಗೈಡೆನ್ಸ್ ಮತ್ತು ಕೌನ್ಸೆಲಿಂಗ್ ಡಿಪ್ಲೊಮಾ ಆಗಿರಬೇಕಿತ್ತು. ಬರೀ ಬಿ.ಎಡ್. ಅದರಲ್ಲಿ ಸೇರಿರಲಿಲ್ಲ.

ನಿಮ್ಮದು ಸ್ಟೇಟ್ ಸಿಲಬಸ್ ಶಾಲೆಯಾದರೂ ಒಂದು ಆಧಾರ ಇದೆ. 2025ರ ಜುಲೈನಲ್ಲಿ ಸುಕದೇಬ್ ಸಾಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಕಡೆ ಕನಿಷ್ಠ ಒಬ್ಬ ಕೌನ್ಸೆಲರ್, ಸೈಕಾಲಜಿಸ್ಟ್ ಅಥವಾ ಸೋಷಿಯಲ್ ವರ್ಕರ್ ಇರಬೇಕು. ಅವರಿಗೆ ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಆಗಿರಬೇಕು. ಹಾಗಾಗಿ ಎಂ.ಎಸ್.ಡಬ್ಲ್ಯೂ. (ಸೋಷಿಯಲ್ ವರ್ಕ್‌ನಲ್ಲಿ ಸ್ನಾತಕೋತ್ತರ ಪದವಿ) ಓದಿದವರೂ ಈ ಕೆಲಸ ಮಾಡಬಹುದು, ಆದರೆ ಆ ತರಬೇತಿ ಇರಲೇಬೇಕು. ಚಿಕ್ಕ ಶಾಲೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು.

ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಬೇಕಾ ಅಂತಲೂ ಪೋಷಕರು ಕೇಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಅದು ಬೇಕೇ ಬೇಕು. ಶಾಲೆಯ ಕೌನ್ಸೆಲರ್‌ಗೆ ಅದು ಕಡ್ಡಾಯ ಅಲ್ಲ. ಆದರೆ ಅಂಥವರು "ನಿಮ್ಮ ಮಗುವಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆ) ಇದೆ", "ಇದು ಡಿಪ್ರೆಷನ್" ಅಂತ ತೀರ್ಮಾನ ಹೇಳಬಾರದು. ಅನುಮಾನ ಬಂದರೆ ಮಕ್ಕಳ ಮನೋವೈದ್ಯರ ಹತ್ತಿರ ಕಳಿಸಬೇಕು. ನನ್ನ ಪ್ರಕಾರ ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುವುದು ಸರ್ಟಿಫಿಕೇಟ್‌ಗಿಂತ ದೊಡ್ಡ ಅರ್ಹತೆ. ಒಂದು ವಾರದ ಕೋರ್ಸ್‌ನಲ್ಲಿ ಅದು ಬರುವುದಿಲ್ಲ. ಅನುಭವಸ್ಥರ ಕೈಕೆಳಗೆ ಕೆಲಸ ಮಾಡಿಯೇ ಬರಬೇಕು.

ನನಗೆ ಇನ್ನೂ ಜಾಸ್ತಿ ಚಿಂತೆ ಆಗುವುದು ಬೇರೆ ವಿಷಯಕ್ಕೆ. ಆ ಮೇಡಂ ಬೆಳಿಗ್ಗೆ ಪಾಠ ಮಾಡುತ್ತಾರೆ, ಇಂಟರ್ನಲ್ ಮಾರ್ಕ್ಸ್ ಹಾಕುತ್ತಾರೆ, ಮಧ್ಯಾಹ್ನ ಮನಸ್ಸಿನ ಮಾತು ಹೇಳು ಅನ್ನುತ್ತಾರೆ. ಮಗು ಬಾಯಿ ಬಿಡುತ್ತಾ? ಹೇಳಿದ್ದು ಸ್ಟಾಫ್ ರೂಮಿಗೆ ಹೋಗುತ್ತೆ ಅನ್ನೋ ಭಯ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಸದಾ ಇರುತ್ತದೆ. ಹಾಗಂತ ಗುಟ್ಟು ಕಾಪಾಡುವುದಕ್ಕೂ ಮಿತಿ ಇದೆ. ಮಗು ಪ್ರಾಣಕ್ಕೆ ಅಪಾಯ ಮಾಡಿಕೊಳ್ಳುವ ಮಾತಾಡಿದರೆ ಮನೆಯವರಿಗೆ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ವರದಿ ಮಾಡಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ತರಬೇತಿ ಆದವರು ಈ ಮಿತಿಗಳನ್ನು ಮೊದಲ ದಿನವೇ ಮಗುವಿಗೆ ಅರ್ಥವಾಗುವ ಹಾಗೆ ಹೇಳಿಬಿಡುತ್ತಾರೆ.

ಮೇಡಂಗೆ ನಿಜವಾಗಿಯೂ ಆಸಕ್ತಿ ಇದ್ದರೆ ಎನ್‌ಸಿಇಆರ್‌ಟಿ ನಡೆಸುವ ಗೈಡೆನ್ಸ್ ಮತ್ತು ಕೌನ್ಸೆಲಿಂಗ್ ಡಿಪ್ಲೊಮಾ ಬಗ್ಗೆ ಹೇಳಿ. ಒಂದು ವರ್ಷದ್ದು, ಇಂಟರ್ನ್‌ಶಿಪ್ ಕೂಡ ಇದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದರ ಒಂದು ಕೇಂದ್ರ. ಪಾಠ ಮಾಡುವವರಿಗೆ ಒಳ್ಳೆಯ ದಾರಿ ಅದು.

ನೀವು ಪೋಷಕರ ಸಭೆಯಲ್ಲಿ ಜಗಳ ತೆಗೆಯಬೇಡಿ. ಕೌನ್ಸೆಲರ್ ಏನು ಓದಿದ್ದಾರೆ, ಅವರಿಗೆ ಮೇಲ್ವಿಚಾರಣೆ ಯಾರದು, ಗಂಭೀರ ಅನ್ನಿಸಿದಾಗ ಮಕ್ಕಳನ್ನು ಎಲ್ಲಿಗೆ ಕಳಿಸುತ್ತಾರೆ ಅಂತ ಪತ್ರ ಬರೆದು ಕೇಳಿ. ನಾಲ್ಕೈದು ಪೋಷಕರು ಸೇರಿ ಸಹಿ ಮಾಡಿದರೆ ಶಾಲೆ ಸುಮ್ನೆ ತಳ್ಳಿಹಾಕುವುದು ಕಷ್ಟ. ಅಷ್ಟರೊಳಗೆ ಮಗಳಿಗೆ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.