ಲೋಕಾಂತ್ಯದ ಹಾಡಿಗೆ ಇಷ್ಟು ಗದ್ದಲ ಬೇಕಾ? – ಸಂಪಾದಕರ ಉತ್ತರ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಸೇವಿಯರ್ ಮೆಷಿನ್ ಎಂಬ ರಾಕ್ ತಂಡದ 'ಲೆಜೆಂಡ್' ಆಲ್ಬಂ ಬಗ್ಗೆ ಲೇಖನ ಹಾಕಿದ್ದೀರಿ. ಅದನ್ನು ಓದಿದ ಮೇಲೆ ನನ್ನ ಮಗ ಮೂರು ಹೊತ್ತೂ ಅದನ್ನೇ ಕೇಳುತ್ತಿದ್ದಾನೆ. ದೇವರ ವಾಕ್ಯಕ್ಕೆ ಕರೆಂಟ್ ಗಿಟಾರು, ಡ್ರಮ್ಮು, ಅರಚಾಟ ಯಾಕೆ? ನಮ್ಮ ಚರ್ಚಿನ ಯುವಜನ ಕೂಟದಲ್ಲಿ ಇಂಥದ್ದನ್ನೇ ನುಡಿಸುತ್ತೇನೆ ಅನ್ನುತ್ತಾನೆ. ನಾನು ಕ್ವಾಯರ್‌ನಲ್ಲಿ ಹಾಡಿಕೊಂಡು ಬಂದವನು. ನಮ್ಮ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಇಂಥ ಭಕ್ತಿಯನ್ನು ನಾವು ಕಂಡಿಲ್ಲ. ಒಪ್ಪಬೇಕೇ?" – ನಿವೃತ್ತ ಮೇಷ್ಟ್ರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಸಿಟ್ಟಿಗಿಂತ ಮಗನ ಮೇಲಿನ ಕಾಳಜಿಯೇ ಜಾಸ್ತಿ ಕಂಡಿತು. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ಮೊದಲು ಗದ್ದಲದ ಮಾತು. 'ಲೆಜೆಂಡ್' ಹಾಡುವುದು ಬೈಬಲ್ಲಿನ ಕೊನೆಯ ಪುಸ್ತಕವಾದ, ಲೋಕಾಂತ್ಯದ ದರ್ಶನ ಹೇಳುವ ಪ್ರಕಟನೆ ಗ್ರಂಥವನ್ನು. ಅದನ್ನು ಒಮ್ಮೆ ಬರೀ ಕಿವಿಗಾಗಿ ಓದಿ ನೋಡಿ. ಏಳು ತುತೂರಿಗಳು, ಗುಡುಗು, ಭೋರ್ಗರೆವ ನೀರಿನಂಥ ಧ್ವನಿ. ದೇವರ ಕೈಯ ಸುರುಳಿಗೆ ಹಾಕಿದ ಏಳು ಮುದ್ರೆಗಳಲ್ಲಿ ಆರನೆಯದು ಒಡೆದಾಗ ದೊಡ್ಡ ಭೂಕಂಪ. ಯಜ್ಞವೇದಿಯ ಕೆಳಗಿರುವ ಹತರಾದವರು ಮೆಲ್ಲಗೆ ಪ್ರಾರ್ಥಿಸುವುದಿಲ್ಲ. ಇನ್ನೆಷ್ಟು ಕಾಲ ಎಂದು ಗಟ್ಟಿಯಾಗಿ ಕೂಗುತ್ತಾರೆ. ಇಡೀ ಬೈಬಲ್ಲಿನಲ್ಲಿ ಇಷ್ಟು ಸದ್ದಿನ ಪುಸ್ತಕ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಅದನ್ನು ಹಾರ್ಮೋನಿಯಂ ಒಂದರಲ್ಲೇ ಹೇಳಿ ಮುಗಿಸುವುದು ಕಷ್ಟ.

ನೀವು ಕ್ವಾಯರ್‌ನಲ್ಲಿ ಹಾಡಿದವರು. ಹದಿನೆಂಟನೇ ಶತಮಾನದ ಸಂಗೀತಗಾರ ಹ್ಯಾಂಡೆಲ್‌ನ ಹಲ್ಲೆಲೂಯಾ ಕೋರಸ್ ನಿಮಗೆ ಬಾಯಿಪಾಠ ಇರಬೇಕು ಅಲ್ವಾ? ಅದರ ಮಾತುಗಳು ಬಂದಿರುವುದು ಇದೇ ಪ್ರಕಟನೆಯ 11 ಮತ್ತು 19ನೇ ಅಧ್ಯಾಯಗಳಿಂದ. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲ ಸಲ ಹಾಡಿದ 'ಮೆಸ್ಸಾಯ' ಕೃತಿಯ ಆ ಭಾಗದಲ್ಲಿ ಹ್ಯಾಂಡೆಲ್ ತುತೂರಿ ಊದಿಸಿದ, ನಗಾರಿ ಬಡಿಸಿದ. ತನ್ನ ಕಾಲಕ್ಕೆ ಸಿಕ್ಕ ಜೋರಾದ ವಾದ್ಯಗಳನ್ನೇ ಅವನು ತಂದ. ಇವತ್ತಿನ ಹುಡುಗರಿಗೆ ಸಿಗುವುದು ಗಿಟಾರು, ಡ್ರಮ್ಮು, ಕೀಬೋರ್ಡು.

'ಲೆಜೆಂಡ್' ಬಗ್ಗೆ ಹೇಳುವುದಾದರೆ, ಅದು ಅರಚಾಟ ಅಲ್ಲ. ಕ್ಯಾಲಿಫೋರ್ನಿಯಾದ ಈ ತಂಡದ ಗಾಯಕ ಎರಿಕ್ ಕ್ಲೇಟನ್ ಅವರದು ಆಳವಾದ, ಒಪೆರಾ ಕಡೆಗೆ ವಾಲುವ ಕಂಠ. ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಗಿಟಾರಿನ ಹಿಂದೆ ಕೀಬೋರ್ಡು ಆರ್ಕೆಸ್ಟ್ರಾದಂತೆ ಹರಡಿಕೊಳ್ಳುತ್ತದೆ. ಮೊದಲ ಭಾಗ 1997ರಲ್ಲಿ, ಎರಡನೆಯದು 1998ರಲ್ಲಿ ಬಂತು. ಒಂದೊಂದೂ ಒಂದು ಗಂಟೆಗಿಂತ ಉದ್ದ. ಎರಡನೇ ಭಾಗ ಕೆಲವು ಕಡೆ ಎಳೆದಂತಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಮೊದಲ ಭಾಗವನ್ನು ಸುಮ್ನೆ ಹಿನ್ನೆಲೆಗೆ ಹಾಕಿಕೊಳ್ಳದೆ, ಕೂತು, ಹಾಡಿನ ಮಾತು ಎದುರಿಗಿಟ್ಟುಕೊಂಡು ಕೇಳಿ. ಅದರೊಳಗಿನ ಶೋಕ ನಿಮಗೆ ಕೇಳಿಸದೇ ಇರದು.

ನನ್ನ ಮುಖ್ಯ ಮಾತು ಇರುವುದು ಇಲ್ಲೇ. ಇಂಥ ಸಂಗೀತವನ್ನು ಅಳೆಯುವಾಗ ಸದ್ದು ಎಷ್ಟು ಅನ್ನುವುದಕ್ಕಿಂತ, ಅದು ಯಾರ ಪಕ್ಕ ನಿಂತು ಕೂಗುತ್ತಿದೆ ಅನ್ನುವುದನ್ನು ನೋಡಬೇಕು. ಪ್ರಕಟನೆ ಬರೆದ ಯೋಹಾನ ಸಿಂಹಾಸನದ ಮೇಲೆ ಕೂತು ಬರೆದವನಲ್ಲ. ಪತ್ಮೋಸ್ ದ್ವೀಪದಲ್ಲಿ, ಕಷ್ಟದಲ್ಲಿದ್ದುಕೊಂಡು, ರೋಮ್ ಸಾಮ್ರಾಜ್ಯದ ಅಡಿಯಲ್ಲಿದ್ದ ಏಳು ಸಣ್ಣ ಕ್ರೈಸ್ತ ಸಭೆಗಳಿಗೆ ಬರೆದ. ಮೊದಲ ನಾಲ್ಕು ಮುದ್ರೆ ಒಡೆದಾಗ ಬರುವ ನಾಲ್ಕು ಕುದುರೆಗಳಲ್ಲಿ ಮೂರನೆಯದು, ಅಂದರೆ ಕಪ್ಪು ಕುದುರೆ ಬಂದಾಗ ಏನಾಗುತ್ತದೆ ನೆನಪಿದೆಯಾ? ಇಡೀ ದಿನದ ಕೂಲಿಗೆ ಒಂದು ಅಳತೆ ಗೋಧಿ ಸಿಗುತ್ತದೆ, ಅಷ್ಟೇ. ಎಣ್ಣೆಗೂ ದ್ರಾಕ್ಷಾರಸಕ್ಕೂ ಮಾತ್ರ ಕೇಡು ಮಾಡಬೇಡ ಎಂಬ ಧ್ವನಿ ಬರುತ್ತದೆ. ಕೂಲಿಯವನ ಹಸಿವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹಿಡಿದ ಸಾಲು ನನಗೆ ಬೇರೆ ಕಡೆ ಸಿಕ್ಕಿಲ್ಲ. ಬರ ಕಂಡ ಕೋಲಾರದವರಿಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ.

ನಿಮ್ಮ ತಂದೆಯವರ ಕಾಲದ ಕೆಜಿಎಫ್ ಕೂಡ ಹಾಗೇ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ ಹೋದ ಗಣಿ. ಕೆಳಗೆ ಬಂಡೆ ಸಿಡಿದರೆ ಮೇಲಿನ ಮನೆ ಅಲುಗುತ್ತಿತ್ತು. ಭೂಮಿ ನಡುಗಿದಾಗ ಒಳಗಿರುವವರು ವಾಪಸ್ ಬರುತ್ತಾರೋ ಇಲ್ಲವೋ ಎಂದು ಕಾದ ಊರು ನಿಮ್ಮದು. 2001ರಲ್ಲಿ ಗಣಿ ಮುಚ್ಚಿದಾಗ ಒಂದು ಲೋಕವೇ ಮುಗಿದದ್ದನ್ನೂ ಕಂಡಿರಿ. ಲೋಕಾಂತ್ಯದ ಹಾಡು ನಿಮ್ಮ ಮಗನನ್ನು ಯಾಕೆ ಹಿಡಿದುಕೊಂಡಿತು ಎಂದು ನನಗೆ ಆಶ್ಚರ್ಯ ಆಗುವುದಿಲ್ಲ.

ಇದು ಪರದೇಶದ ಹುಚ್ಚು ಅನ್ನುವವರಿಗೆ ಕೈವಾರ ತೋರಿಸುತ್ತೇನೆ. ಚಿಂತಾಮಣಿ ತಾಲ್ಲೂಕಿನ ಕೈವಾರ ತಾತಯ್ಯನವರು ಕಾಲಜ್ಞಾನ ಹೇಳಿದವರು. ಮುಂದೆ ಬರುವ ಕೇಡುಗಾಲದ ಮಾತನ್ನು ನಮ್ಮ ಜನ ತಾಳ, ತಂಬೂರಿ ಹಿಡಿದು ಹಾಡಿಕೊಂಡೇ ಬಂದಿದ್ದಾರೆ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಎಚ್ಚರಿಕೆಯನ್ನು ಹಾಡಾಗಿ ಕೇಳುವುದು ಈ ನೆಲಕ್ಕೆ ಹೊಸದಲ್ಲ, ಅಷ್ಟೇ.

ಒಂದು ಕಡೆ ಮಾತ್ರ ನಿಮ್ಮ ಅಳುಕಿನ ಜೊತೆ ನಾನೂ ನಿಲ್ಲುತ್ತೇನೆ. ಈ ಬಗೆಯ ಕೆಲವು ಹಾಡುಗಳಲ್ಲಿ ನಾಶವೇ ಹಬ್ಬವಾಗುತ್ತದೆ. ನಾವು ಉಳಿದೆವು, ಅವರು ಸುಟ್ಟರು ಎಂಬ ಸಂತೋಷ ಅದು. ಅಂಥದ್ದನ್ನು ಕೇಳಿದರೆ ನನಗೆ ಹಿಂಸೆಯಾಗುತ್ತದೆ. ಪ್ರಕಟನೆಯಲ್ಲಿ ಬರೀ ಅದೇ ಇಲ್ಲ. ಏಳನೇ ಮುದ್ರೆ ಒಡೆದಾಗ ಪರಲೋಕದಲ್ಲೇ ಅರ್ಧ ಗಂಟೆ ಮೌನ. 18ನೇ ಅಧ್ಯಾಯದಲ್ಲಿ ಬಾಬೆಲ್ ಎಂಬ ಮಹಾನಗರ ಬಿದ್ದಾಗ, ಇನ್ನು ಅಲ್ಲಿ ವಾದ್ಯಗಾರರ ಸದ್ದು ಕೇಳಿಸದು, ಬೀಸುವ ಕಲ್ಲಿನ ಸದ್ದೂ ಕೇಳಿಸದು ಎಂಬ ಮಾತು ಬರುತ್ತದೆ. ಕೇಡಿನ ಊರಿನ ಸಂಗೀತ ನಿಂತದ್ದನ್ನೂ ಆ ಪುಸ್ತಕ ಹೆಸರಿಟ್ಟು ಹೇಳುತ್ತದೆ.

'ಲೆಜೆಂಡ್'ನ ಮೂರನೇ ಭಾಗದ ಮೊದಲರ್ಧ 2001ರಲ್ಲಿ ಬಂತು. ಉಳಿದರ್ಧ ಬಿಡುಗಡೆಯೇ ಆಗಲಿಲ್ಲ. ಹಾಗಾಗಿ ಆಲ್ಬಂ ಒಂದನ್ನೇ ನಂಬಿದರೆ ಕಥೆ ಅರ್ಧಕ್ಕೇ ನಿಲ್ಲುತ್ತದೆ. ದೇವರು ತನ್ನ ಜನರ ಕಣ್ಣೀರನ್ನೆಲ್ಲ ಒರೆಸುವ 21ನೇ ಅಧ್ಯಾಯವನ್ನು ನಿಮ್ಮ ಮಗ ಓದಿಯೇ ತಿಳಿಯಬೇಕು.

ಈಗ ನಿಮ್ಮ ಪ್ರಶ್ನೆ. ಒಪ್ಪಿ, ನುಡಿಸಲಿ. ಹಾಡಿನ ಮಾತುಗಳನ್ನು ಸಭಾಪಾಲಕರಿಗೆ ಮೊದಲೇ ತೋರಿಸಲಿ. ಕೂಟದ ಕೋಣೆಗೆ ತಕ್ಕಂತೆ ಸದ್ದು ಇಟ್ಟುಕೊಳ್ಳಲಿ, ಹಿರಿಯರು ಎದ್ದು ಹೋಗುವಂತಾಗಬಾರದು. 6ನೇ ಅಧ್ಯಾಯವನ್ನು ಅವನು ಓದಲಿ, 21ನೆಯದನ್ನು ನೀವು ಓದಿ. ಇಂಗ್ಲಿಷ್ ಹಾಡಿನ ನಕಲು ಬೇಡ. ಕಪ್ಪು ಕುದುರೆಯ ಮೇಲೆ ಕನ್ನಡದಲ್ಲೇ ಒಂದು ಹಾಡು ಬರೆಯಲು ಹೇಳಿ. ಬರೆದರೆ ನಮಗೆ ಕಳಿಸಿ, ಪತ್ರಿಕೆಯಲ್ಲಿ ಹಾಕೋಣ.

– ಸಂಪಾದಕ