ಜಕಾತ್ ಮತ್ತು ಸಿಖ್ಖರ ದಸವಂಧ ಒಂದೇನಾ? ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಲೆಕ್ಕ ಹಾಕುವುದು ಹೇಗೆ?

ಒಂದೇ ಅಲ್ಲ. ಮುಸ್ಲಿಮರ ಕಡ್ಡಾಯ ದಾನವಾದ ಜಕಾತ್ ಉಳಿದ ಸಂಪತ್ತಿನ ಮೇಲೆ, ದಸವಂಧ ದುಡಿಮೆಯ ಮೇಲೆ.

ಸುನ್ನಿ ಮುಸ್ಲಿಮರ ಹನಫಿ ಪಂಥದ ಲೆಕ್ಕದಲ್ಲಿ ಸಾಲ ಕಳೆದು ನಗದು, ಚಿನ್ನ, ಮಾರಾಟದ ಸರಕು ಸೇರಿ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆ ಮುಟ್ಟಿ, ಚಾಂದ್ರಮಾನ ವರ್ಷ ತುಂಬಿದರೆ ಶೇ. 2.5. ಎಡವುವುದು ಇಲ್ಲೇ: ಮಾರ್ಚ್‌ನಿಂದ ಮಾರ್ಚ್‌ಗೆ ಎಣಿಸಿದರೆ ವರ್ಷಕ್ಕೆ 11 ದಿನ ತಡವಾಗಿ, 33 ವರ್ಷಕ್ಕೆ ಒಂದಿಡೀ ಜಕಾತ್ ತಪ್ಪಿಹೋಗುತ್ತದೆ. ತಂದೆತಾಯಿಗೆ, ಮಕ್ಕಳಿಗೆ ಕೊಟ್ಟದ್ದು ಜಕಾತ್ ಆಗದು. ಅದು ಹೇಗೂ ನಿಮ್ಮ ಹೊಣೆ.

ಫಸಲಿನದ್ದು ಬೇರೆ, ಅದು ಉಶ್ರ್. ಮಳೆಯಲ್ಲೇ ಬಂದ ಕಾಫಿ, ಮೆಣಸಿಗೆ ಹತ್ತರಲ್ಲಿ ಒಂದು ಪಾಲು. ಬಹುಪಾಲು ಸ್ಪ್ರಿಂಕ್ಲರ್ ನೀರಾದರೆ ಇಪ್ಪತ್ತರಲ್ಲಿ ಒಂದು. ವರ್ಷ ಕಾಯುವಂತಿಲ್ಲ, ಕೊಯ್ಲಿಗೇ ಕೊಡಬೇಕು. ಇನ್ನೊಂದು ಸುನ್ನಿ ಪಂಥವಾದ ಶಾಫಿಯಲ್ಲಿ ಕಾಫಿಗೆ ಉಶ್ರ್ ಇಲ್ಲ.

ಸಿಖ್ಖರಲ್ಲಿ ಕನಿಷ್ಠ ಮಿತಿಯಿಲ್ಲ: ಗಳಿಕೆಯ ಹತ್ತನೇ ಒಂದು ಭಾಗ ಲಂಗರ್ (ಎಲ್ಲರಿಗೂ ಉಚಿತ ಊಟ), ಬಡವರು, ಗುರುದ್ವಾರಕ್ಕೆ. ಹಣವಿಲ್ಲದವರು ರೊಟ್ಟಿ ಲಟ್ಟಿಸಿ, ತಟ್ಟೆ ತೊಳೆದು ಸೇವೆ ಸಲ್ಲಿಸುತ್ತಾರೆ.