ಮುಖ ಕಾಣದಿದ್ದರೂ ನೋಟ್‌ಬುಕ್ ಕಾಣಲಿ

ಆರನೇ ತರಗತಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರೊಬ್ಬರು ನಮಗೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: ತರಗತಿಯಲ್ಲಿ 36 ಮಕ್ಕಳು, ಪರದೆಯ ಮೇಲೆ ಬರೀ ಕಪ್ಪು ಚೌಕ. ‘ಅರ್ಥ ಆಯ್ತಾ?’ ಎಂದರೆ ಇಬ್ಬರು ‘ಎಸ್ ಸರ್’ ಎನ್ನುತ್ತಾರೆ. ಉಳಿದವರು ಇದ್ದಾರೋ, ಎದ್ದು ಹೋಗಿದ್ದಾರೋ ಗೊತ್ತಾಗುವುದಿಲ್ಲ. ‘ಗೋಡೆಗೆ ಪಾಠ ಮಾಡಿದ ಹಾಗಿದೆ. ಕ್ಯಾಮೆರಾ ಕಡ್ಡಾಯ ಮಾಡಿದರೆ ಸರಿಹೋಗುತ್ತದಾ? ಅಥವಾ ನನಗೇ ಈ ಕೆಲಸ ಆಗಿಬರುವುದಿಲ್ಲವಾ?’ ಎಂದು ಕೇಳಿದ್ದಾರೆ. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಸಾಲು: ‘ಒಬ್ಬ ಹುಡುಗಿ ಮೂರು ವಾರದಿಂದ ಬಂದೇ ಇಲ್ಲ. ಏನು ಮಾಡಬೇಕೋ ತಿಳಿಯದು.’

ಮೇಷ್ಟ್ರೇ,

ನಿಮಗೆ ಈ ಕೆಲಸ ಆಗಿಬರುತ್ತದೆ. ಆಗಿಬರದವರು ಮೂರು ವಾರದಿಂದ ಬಾರದ ಹುಡುಗಿಯ ಲೆಕ್ಕ ಇಟ್ಟಿರುವುದಿಲ್ಲ.

ಈ ಗೋಡೆಯ ಪರಿಚಯ ನನಗೂ ಇದೆ. ಒಮ್ಮೆ ವಾರಕ್ಕೊಂದು ದಿನ ಆನ್‌ಲೈನ್‌ನಲ್ಲಿ ಬರವಣಿಗೆ ಹೇಳಿಕೊಡಲು ಒಪ್ಪಿಕೊಂಡಿದ್ದೆ. ಮೊದಲ ದಿನ ಒಂದು ಗಂಟೆ ಹತ್ತು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ ಅಂದುಕೊಂಡೆ. ಒಬ್ಬರೂ ತುಟಿ ಬಿಚ್ಚಲಿಲ್ಲವಲ್ಲ, ಎಂಥಾ ಜನ ಇವರು ಎಂದು ಬೇಜಾರಾಯಿತು. ಎಲ್ಲ ಮುಗಿದ ಮೇಲೆ ಚಾಟ್ ತೆರೆದರೆ ಅಲ್ಲಿ ಸಾಲುಸಾಲು: ‘ಸರ್, ನಿಮ್ಮ ಮೈಕ್ ಮ್ಯೂಟ್ ಆಗಿದೆ’, ‘ಸರ್, ಕೇಳಿಸುತ್ತಿಲ್ಲ’, ‘ಹಲೋ ಸರ್?’ ಅಷ್ಟೂ ಹೊತ್ತು ನಾನು ಗಾಜಿನ ತೊಟ್ಟಿಯ ಮೀನಿನ ಹಾಗೆ ಸುಮ್ನೆ ಬಾಯಾಡಿಸಿದ್ದೆ. ಗಲಾಟೆ ಆಗದಿರಲಿ ಎಂದು ಎಲ್ಲರ ಮೈಕ್ ಬಂದ್ ಮಾಡಿದ್ದವನೂ ನಾನೇ. ಪಾಪ, ಅವರು ಇನ್ನೇನು ಮಾಡಬೇಕಿತ್ತು?

ಅದಕ್ಕೇ ನಿಮ್ಮನ್ನು ಮೊದಲು ಇದನ್ನು ಕೇಳುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ಮಕ್ಕಳು ಮಾತಾಡಬೇಕು ಅಂದರೆ ಅದಕ್ಕೆ ದಾರಿ ಎಲ್ಲಿದೆ?

‘ಅರ್ಥ ಆಯ್ತಾ?’ ಎನ್ನುವುದು ದಾರಿಯಲ್ಲ. ಶಾಲೆಯ ಕೋಣೆಯಲ್ಲೂ ಅದಕ್ಕೆ ಯಾರೂ ಉತ್ತರ ಕೊಡುತ್ತಿರಲಿಲ್ಲ, ನೆನಪಿಸಿಕೊಳ್ಳಿ. ಆದರೆ ಅಲ್ಲಿ ನೀವು ಕಿವಿಯಿಂದ ಉತ್ತರ ಪಡೆಯುತ್ತಿರಲಿಲ್ಲ, ಕಣ್ಣಿನಿಂದ ಪಡೆಯುತ್ತಿದ್ದಿರಿ. ಮೂರನೇ ಬೆಂಚಿನವನು ಪಕ್ಕದವನ ಪುಸ್ತಕ ನೋಡುತ್ತಿದ್ದಾನೆ, ಕಿಟಕಿಯ ಪಕ್ಕದವಳ ಪೆನ್ನು ನಿಂತಿದೆ. ಅಷ್ಟು ಸಾಕಿತ್ತು. ಆ ಕಣ್ಣು ಈಗ ಕೆಲಸ ಮಾಡುತ್ತಿಲ್ಲ. ಬಾಯಿ ಮಾತ್ರ ಹಳೆಯ ಪ್ರಶ್ನೆಯನ್ನೇ ಕೇಳುತ್ತಿದೆ.

ಇನ್ನೊಂದು ತೊಡಕು ತಂತ್ರಜ್ಞಾನದ್ದು. ಎದುರುಬದುರು ಕೂತು ಮಾತಾಡುವಾಗ ಒಬ್ಬರ ಮಾತು ನಿಂತು ಇನ್ನೊಬ್ಬರದು ಶುರುವಾಗುವ ನಡುವೆ ಎಷ್ಟು ಹೊತ್ತು ಹಿಡಿಯುತ್ತದೆ ಗೊತ್ತಾ? ಬೇರೆಬೇರೆ ಕಡೆಯ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಒಂದು ಅಧ್ಯಯನ ಬಂತು. ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಈಗ ಜಾಲದ ಕಡೆ ಬನ್ನಿ. ಧ್ವನಿ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟಲು 150 ಮಿಲಿಸೆಕೆಂಡ್‌ವರೆಗೆ ತಡವಾದರೆ ಪರವಾಗಿಲ್ಲ ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹಾಕಿಕೊಟ್ಟ ಅಳತೆ. ಹೋಗಿ ಬರಲು 300. ಲೈನ್ ಚೆನ್ನಾಗಿದ್ದಾಗಲೇ ಹೀಗೆ! ಅದರ ಮೇಲೆ ಮಗು ಮ್ಯೂಟ್ ತೆಗೆಯುವ ಬಟನ್ ಹುಡುಕಬೇಕು, ಧೈರ್ಯ ತಂದುಕೊಳ್ಳಬೇಕು, ಬೇರೆ ಯಾರಾದರೂ ಮಾತಾಡುತ್ತಾರಾ ಎಂದು ಕಾಯಬೇಕು. ಅಷ್ಟರಲ್ಲಿ ನೀವು ‘ಸರಿ, ಮುಂದಕ್ಕೆ ಹೋಗೋಣ’ ಎಂದು ಹೊರಟಿರುತ್ತೀರಿ.

ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಮಾಮೂಲಿ ತರಗತಿಗಳಲ್ಲೇ ಇದನ್ನು ಅಳೆದಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್, ಅಷ್ಟೇ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಕೋಣೆಯಲ್ಲಿ ಮೂರು ಅಂದರೆ ಆನ್‌ಲೈನ್‌ನಲ್ಲಿ ಹತ್ತಾದರೂ ಬೇಕು ಎಂಬುದು ನನ್ನ ಲೆಕ್ಕ. ಮನಸ್ಸಿನಲ್ಲೇ ಹತ್ತು ಎಣಿಸಿ. ಆರಕ್ಕೆ ಬರುವಷ್ಟರಲ್ಲಿ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಆದರೂ ಎಣಿಸಿ.

ಎಣಿಸುತ್ತಾ ಕೂರುವಾಗ ಮಕ್ಕಳ ಕೈಗೆ ಏನಾದರೂ ಕೆಲಸ ಇರಬೇಕು. ನನಗೆ ಒಬ್ಬ ವಿಜ್ಞಾನದ ಟೀಚರ್ ಹೇಳಿಕೊಟ್ಟ ಉಪಾಯ ಇದು: ‘ಎಲ್ಲರೂ ಚಾಟ್‌ನಲ್ಲಿ ಉತ್ತರ ಟೈಪ್ ಮಾಡಿ, ಆದರೆ ಕಳಿಸಬೇಡಿ. ನಾನು ಈಗ ಅಂದಾಗ ಎಲ್ಲರೂ ಒಟ್ಟಿಗೆ ಕಳಿಸಿ.’ ಇದರಲ್ಲಿ ಕಾಪಿ ಹೊಡೆಯಲು ಆಗುವುದಿಲ್ಲ. ಜಾಣ ಹುಡುಗ ಎರಡು ಸೆಕೆಂಡಿನಲ್ಲಿ ಉತ್ತರ ಹಾಕಿ ಉಳಿದವರ ಬಾಯಿ ಕಟ್ಟುವುದೂ ತಪ್ಪುತ್ತದೆ. ‘ಈಗ’ ಅಂದ ತಕ್ಷಣ ಮೂವತ್ತು ಉತ್ತರ ದಬದಬ ಬೀಳುತ್ತವೆ. ಆ ಕ್ಷಣ ನಿಮ್ಮ ಗೋಡೆಗೆ ಜೀವ ಬರುತ್ತದೆ.

ನಿಮ್ಮ ಪಾಠದಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಭಿನ್ನರಾಶಿ. 1/2ಕ್ಕೆ 1/3 ಕೂಡಿಸಿದರೆ ಎಷ್ಟು ಎಂದು ಕೇಳಿ. ಅರ್ಧ ತರಗತಿ 5/6 ಎನ್ನುತ್ತದೆ. ಒಂದಷ್ಟು ಮಕ್ಕಳು 2/5 ಎಂದು ಬರೆದಿರುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿರುತ್ತಾರೆ. ಆಗ ‘ತಪ್ಪು’ ಎನ್ನಬೇಡಿ. ಇನ್ನೊಂದು ಪ್ರಶ್ನೆ ಹಾಕಿ: ‘2/5 ಅನ್ನುವುದು ಅರ್ಧಕ್ಕಿಂತ ಜಾಸ್ತಿಯಾ, ಕಡಿಮೆಯಾ?’ ಮತ್ತೆ ಹತ್ತು ಎಣಿಸಿ. ಯಾರೋ ಒಬ್ಬರಿಗೆ ಹೊಳೆಯುತ್ತದೆ. ಅರ್ಧ ಇತ್ತು, ಅದಕ್ಕೆ ಇನ್ನಷ್ಟು ಸೇರಿಸಿದೆ, ಬಂದದ್ದು ಅರ್ಧಕ್ಕಿಂತ ಕಡಿಮೆ! ಇದು ಹೇಗೆ ಸಾಧ್ಯ ಸರ್? ಈ ‘ಹೇಗೆ ಸಾಧ್ಯ’ ಬಂದ ಮೇಲೆ ಛೇದ ಸಮ ಮಾಡುವ ಪಾಠ ಮಾಡಿ. ಅದಕ್ಕೆ ಮುಂಚೆ ಮಾಡಿದರೆ ಅದು ಬರೀ ಸೂತ್ರ.

ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1991ರಿಂದ ಮಾಡಿಕೊಂಡು ಬಂದದ್ದೂ ಹೆಚ್ಚುಕಡಿಮೆ ಇದನ್ನೇ. ಪ್ರಶ್ನೆ ಕೊಡುವುದು, ಪ್ರತಿಯೊಬ್ಬರೂ ತಮ್ಮ ಉತ್ತರ ಹೇಳುವುದು, ಆಮೇಲೆ ಪಕ್ಕದವರ ಜೊತೆ ವಾದ ಮಾಡಿ ಮತ್ತೊಮ್ಮೆ ಉತ್ತರಿಸುವುದು. ಆನ್‌ಲೈನ್‌ನಲ್ಲಿ ಪಕ್ಕದವರು ಇಲ್ಲ. ಬ್ರೇಕ್‌ಔಟ್ ರೂಮ್ ಇದೆ, ಅಂದರೆ ಕೆಲವರನ್ನೇ ಬೇರೆಯಾಗಿ ಕೂರಿಸುವ ಆನ್‌ಲೈನ್ ಕೋಣೆ. ಅಲ್ಲಿಗೆ ಮೂರು ಮೂರು ಜನರನ್ನು ಕಳಿಸಿ, ಐದು ನಿಮಿಷ ಮಾತ್ರ, ವಾಪಸ್ ಬರುವಾಗ ಒಂದು ಉತ್ತರ ಕೈಯಲ್ಲಿರಬೇಕು. ‘ಚರ್ಚೆ ಮಾಡಿ’ ಎಂದು ಹದಿನೈದು ನಿಮಿಷ ಬಿಟ್ಟರೆ ಆರನೇ ತರಗತಿಯವರು ಏನು ಮಾಡುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ. ನೀವೂ ಒಂದೊಂದು ರೂಮಿಗೆ ಇಣುಕುತ್ತಿರಿ.

ಹಾಜರಿಗೆ ಎಂಟು ನಿಮಿಷ ಹೋಗುತ್ತದೆ ಎಂದು ಬರೆದಿದ್ದೀರಿ. ಹೆಸರು ಕೂಗುವುದನ್ನು ಬಿಡಿ. ನಿನ್ನೆಯ ಪಾಠದಿಂದ ಒಂದು ಲೆಕ್ಕ ಹಾಕಿ, ಉತ್ತರ ಬಂದವರೆಲ್ಲ ಹಾಜರ್. ಇದರಿಂದ ಸಮಯ ಉಳಿಯುವುದಷ್ಟೇ ಅಲ್ಲ. ನೆನಪಿನಿಂದ ತೆಗೆದು ಬರೆದದ್ದು ಜಾಸ್ತಿ ದಿನ ಉಳಿಯುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದ್ದರು. ಐದು ನಿಮಿಷದ ನಂತರ ಕೇಳಿದರೆ, ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದಿದ್ದವರು ಮುಂದೆ.

ಈಗ ಕ್ಯಾಮೆರಾ. ಕಡ್ಡಾಯ ಮಾಡಬೇಡಿ. ಈ ವಿಷಯದಲ್ಲಿ ನಾನು ನಿಮ್ಮ ಜೊತೆ ಇಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನೇ ‘ಕ್ಯಾಮೆರಾ ಯಾಕೆ ಹಾಕುವುದಿಲ್ಲ?’ ಎಂದು ಕೇಳಿ 2021ರಲ್ಲಿ ಪ್ರಕಟಿಸಿದರು. ಎಲ್ಲಕ್ಕಿಂತ ಹೆಚ್ಚು ಬಂದ ಉತ್ತರ ಸೋಮಾರಿತನದ್ದಲ್ಲ, ‘ನಾನು ಹೇಗೆ ಕಾಣುತ್ತೇನೋ’ ಎಂಬ ಅಳುಕು. ಹಿಂದೆ ಮನೆ ಕಾಣುತ್ತದೆ, ಮನೆಯವರು ಓಡಾಡುವುದು ಕಾಣುತ್ತದೆ, ನೆಟ್ ಸರಿಯಿಲ್ಲ ಎಂಬುವೂ ಇದ್ದವು. ಕಾಲೇಜಿನವರಿಗೇ ಹೀಗಾದರೆ ಹನ್ನೊಂದು ವರ್ಷದ ಮಗುವಿಗೆ ಹೇಗಿರಬೇಡ? ಒಂದೇ ಕೋಣೆಯಲ್ಲಿ ಐದು ಜನ ಇರುವ ಮನೆಯ ಮಗುವಿಗೆ ಕ್ಯಾಮೆರಾ ಹಾಕು ಎನ್ನುವುದು, ನಿಮ್ಮ ಮನೆಯನ್ನು ಇಡೀ ತರಗತಿಗೆ ತೋರಿಸು ಎಂದ ಹಾಗೆ. ಡೇಟಾದ ಪ್ರಶ್ನೆ ಬೇರೆ ಇದೆ. ಒಂದು ಗಂಟೆಯ ವಿಡಿಯೊ ತರಗತಿ ಸುಮಾರು ಒಂದು ಜಿಬಿ ನುಂಗಬಹುದು, ಬರೀ ಧ್ವನಿಗೆ ಅದರ ಹತ್ತನೇ ಒಂದು ಭಾಗವೂ ಬೇಡ.

ಅಲ್ಲದೆ ಮುಖ ಕಂಡರೆ ನಿಮಗೆ ಏನು ಸಿಕ್ಕ ಹಾಗಾಯಿತು? ಪರದೆ ನೋಡುತ್ತಿರುವ ಮುಖ ಪಾಠ ಕೇಳುತ್ತಿದೆಯೋ ಗೇಮ್ ಆಡುತ್ತಿದೆಯೋ ಹೇಳುವುದು ಕಷ್ಟ. ಗಣಿತದ ಮೇಷ್ಟ್ರಿಗೆ ಬೇಕಾದದ್ದು ನೋಟ್‌ಬುಕ್. ಫೋನಿನ ಕ್ಯಾಮೆರಾವನ್ನು ಮುಖದಿಂದ ಕೆಳಗೆ ಬಾಗಿಸಿ, ಬರೆಯುತ್ತಿರುವ ಹಾಳೆಯನ್ನು ತೋರಿಸಲಿ. ಎರಡೇ ನಿಮಿಷ. ಆಗದವರು ಹಾಳೆಯ ಫೋಟೊ ತೆಗೆದು ನಿಮಗೊಬ್ಬರಿಗೇ ಕಳಿಸಲಿ, ಗುಂಪಿಗೆ ಅಲ್ಲ. ಮುಖ ತೋರಿಸಲು ಒಲ್ಲೆ ಎನ್ನುವ ಮಕ್ಕಳಲ್ಲೂ ತುಂಬಾ ಜನ ಕೈ ತೋರಿಸಲು ಒಪ್ಪುತ್ತಾರೆ.

ದಿನಕ್ಕೆ 36 ಫೋಟೊ ತಿದ್ದಲು ನನಗೆ ಪುರುಸೊತ್ತೆಲ್ಲಿ ಎನ್ನುತ್ತೀರಿ. ಎಲ್ಲವನ್ನೂ ತಿದ್ದಬೇಡಿ. ಬೆರಳಾಡಿಸುತ್ತಾ ಹೋಗಿ. ಸರಿ ಮಾಡಿದವರು, ಒಂದೇ ಥರ ತಪ್ಪಿದವರು, ದಾರಿಯೇ ತಿಳಿಯದವರು ಎಂದು ಮೂರು ಗುಂಪು ತಾನಾಗಿ ಆಗುತ್ತದೆ. ನಡುವಿನ ಗುಂಪಿನ ತಪ್ಪನ್ನು ಮಾರನೇ ದಿನ ನಿಮ್ಮ ಕೈಬರಹದಲ್ಲೇ ಬರೆದು ತೋರಿಸಿ, ಯಾರ ಹೆಸರೂ ಬೇಡ. ಮೂರನೇ ಗುಂಪಿನವರು ನಾಲ್ಕೈದು ಜನ ಇರಬಹುದು. ಅವರಿಗೆ ಮಾತ್ರ ಅರ್ಧ ನಿಮಿಷದ ವಾಯ್ಸ್ ಮೆಸೇಜ್, ಹೆಸರು ಹಿಡಿದು. ದೂರಶಿಕ್ಷಣಕ್ಕೆ ಇದೇನೂ ಹೊಸದಲ್ಲ. 1840ರ ಹೊತ್ತಿಗೆ ಇಂಗ್ಲೆಂಡಿನ ಐಸಾಕ್ ಪಿಟ್ಮನ್ ಅಂಚೆಯಲ್ಲಿ ಶೀಘ್ರಲಿಪಿ ಕಲಿಸುತ್ತಿದ್ದರು. ಕಲಿಯುವವರು ಬರೆದು ಕಳಿಸಬೇಕು, ಅವರು ತಿದ್ದಿ ವಾಪಸ್ ಕಳಿಸಬೇಕು. ಅವರಿಗೂ ಶಿಷ್ಯರ ಮುಖ ಕಾಣುತ್ತಿರಲಿಲ್ಲ.

ನಿಮ್ಮ ರೆಕಾರ್ಡಿಂಗ್ ಯಾರೂ ನೋಡುವುದಿಲ್ಲ ಎಂಬ ದೂರಿಗೆ ಚಿಕ್ಕ ಉತ್ತರ: ಐವತ್ತು ನಿಮಿಷದ್ದನ್ನು ನಾನೂ ನೋಡುವುದಿಲ್ಲ. ಎಡೆಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದ ಕೋರ್ಸ್‌ಗಳಲ್ಲಿ 69 ಲಕ್ಷ ಸಲ ವಿಡಿಯೊ ನೋಡಿದ ದಾಖಲೆ ಇಟ್ಟುಕೊಂಡು 2014ರಲ್ಲಿ ಲೆಕ್ಕ ಹಾಕಿದಾಗ, ವಿಡಿಯೊ ಎಷ್ಟೇ ಉದ್ದ ಇದ್ದರೂ ಜನ ಸಾಮಾನ್ಯವಾಗಿ ನೋಡುತ್ತಿದ್ದದ್ದು ಹೆಚ್ಚೆಂದರೆ ಆರು ನಿಮಿಷ. ಒಂದು ಲೆಕ್ಕಕ್ಕೆ ಒಂದು ವಿಡಿಯೊ ಮಾಡಿ. ಮೇಲೆ ಆ ಲೆಕ್ಕವನ್ನೇ ಹೆಸರಾಗಿ ಹಾಕಿ, ‘ಪಾಠ 14, ಭಾಗ 2’ ಎಂದಲ್ಲ. ಸ್ಲೈಡ್‌ನಲ್ಲಿ ಇರುವುದನ್ನೇ ಗಟ್ಟಿಯಾಗಿ ಓದುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಹಾಳೆಯ ಮೇಲೆ ಕೈಯಲ್ಲಿ ಬಿಡಿಸುತ್ತಾ ಹೋದರೆ ಮಕ್ಕಳು ನಿಮ್ಮ ವೇಗದಲ್ಲೇ ಬರುತ್ತಾರೆ. ಸಾಧ್ಯವಾದರೆ ಇನ್ನೊಂದು ಫೋನಿನಿಂದ ವಿದ್ಯಾರ್ಥಿಯ ಹಾಗೆ ನಿಮ್ಮ ತರಗತಿಗೆ ನೀವೇ ಸೇರಿಕೊಳ್ಳಿ. ನಿಮ್ಮ ಅಕ್ಷರ ಚಿಕ್ಕ ಪರದೆಯಲ್ಲಿ ಎಷ್ಟು ಕಾಣುತ್ತದೆ ಎಂದು ಆಗ ತಿಳಿಯುತ್ತದೆ. ಮೈಕ್ ಮ್ಯೂಟ್ ಆಗಿರುವುದೂ ತಿಳಿಯುತ್ತದೆ.

ಇನ್ನು ಆ ಹುಡುಗಿ. ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದದ್ದೇ ನನಗೆ ದೊಡ್ಡದಾಗಿ ಕಂಡಿತು.

ಗುಂಪಿನಲ್ಲಿ ಅವಳ ಹೆಸರು ಹಾಕಿ ‘ಯಾಕೆ ಬಂದಿಲ್ಲ?’ ಎಂದು ಕೇಳಬೇಡಿ. ಮನೆಗೆ ಫೋನ್ ಮಾಡಿ. ದೂರು ಹೇಳಲು ಮಾಡಿದ ಫೋನ್ ಅಲ್ಲ ಎಂದು ಮೊದಲ ಮಾತಿನಲ್ಲೇ ಗೊತ್ತಾಗಬೇಕು. ‘ಮನೆಯಲ್ಲಿ ಎಲ್ಲ ಆರಾಮಾ? ಆ ಹೊತ್ತಿಗೆ ಫೋನ್ ಯಾರ ಹತ್ತಿರ ಇರುತ್ತದೆ?’ ಎಂದು ಕೇಳಿ. ಎಷ್ಟೋ ಮನೆಯಲ್ಲಿ ಒಂದೇ ಫೋನ್, ಮೂರು ಮಕ್ಕಳು, ಮೂವರಿಗೂ ಒಂದೇ ಹೊತ್ತಿಗೆ ಕ್ಲಾಸ್. ಅಣ್ಣನಿಗೆ ಪರೀಕ್ಷೆ ಇದ್ದರೆ ತಂಗಿಯ ಕ್ಲಾಸ್ ತಪ್ಪುತ್ತದೆ. ಹಾಗಿದ್ದರೆ ಲೈವ್ ತರಗತಿ ಮರೆತುಬಿಡಿ. ಪಾಠದ ಎರಡು ಫೋಟೊ, ಒಂದು ವಾಯ್ಸ್ ಮೆಸೇಜ್ ಕಳಿಸಿ, ಫೋನ್ ಸಿಕ್ಕಾಗ ನೋಡಲಿ.

ಮೊದಲ ವಾರ ತಪ್ಪಿದ್ದಕ್ಕೆ ಫೋನ್ ಕಾರಣ ಇರಬಹುದು. ಮೂರನೇ ವಾರ ತಪ್ಪುವುದಕ್ಕೆ ಬಹಳ ಸಲ ಬೇರೆ ಕಾರಣ ಇರುತ್ತದೆ. ಇಷ್ಟು ಪಾಠ ಹೋಗಿದೆ, ಈಗ ಹೋದರೆ ಏನೂ ತಿಳಿಯುವುದಿಲ್ಲ, ಮೇಷ್ಟ್ರು ಎಲ್ಲರ ಎದುರು ಕೇಳುತ್ತಾರೆ ಎಂಬ ನಾಚಿಕೆ. ಮೂರು ವಾರದ ನೋಟ್ಸ್ ಒಟ್ಟಿಗೆ ಕಳಿಸಿದರೆ ಆ ಗುಡ್ಡ ಇನ್ನೂ ಎತ್ತರ ಆಗುತ್ತದೆ. ಅವಳಿಗೆ ಖಂಡಿತ ಬರುವ ಒಂದೇ ಒಂದು ಲೆಕ್ಕ ಕಳಿಸಿ. ಅದರ ಫೋಟೊ ಬಂದರೆ ಇನ್ನೊಂದು. ಮನೆಯಲ್ಲಿ ಬೇರೇನೋ ಸರಿಯಿಲ್ಲ, ಮಗು ಹೆದರಿದೆ ಅನ್ನಿಸಿದರೆ ಮಾತ್ರ ನೀವೊಬ್ಬರೇ ಹೊತ್ತುಕೊಳ್ಳಬೇಡಿ. ಅವತ್ತೇ ಮುಖ್ಯೋಪಾಧ್ಯಾಯರಿಗೆ ತಿಳಿಸಿ.

ತರಗತಿ ಮುಗಿದ ಕೂಡಲೇ ಎಲ್ಲರೂ ಟಪಟಪ ಹೊರಟುಬಿಡುತ್ತಾರೆ, ಆ ಖಾಲಿ ಪರದೆ ನೋಡಲು ಆಗುವುದಿಲ್ಲ, ಅದಕ್ಕೇ ನಾನೇ ಮೊದಲು ಬಂದ್ ಮಾಡುತ್ತೇನೆ ಎಂದು ಬರೆದಿದ್ದೀರಿ. ನಾಳೆಯಿಂದ ಮಾಡಬೇಡಿ. ‘ಐದು ನಿಮಿಷ ಇಲ್ಲೇ ಇರುತ್ತೇನೆ, ಯಾರಾದರೂ ಇರಬಹುದು, ಹೋಗಬಹುದು’ ಎಂದು ಹೇಳಿ ಸುಮ್ನೆ ಕೂತಿರಿ. ಪಾಠ ಬೇಡ. ಪೆನ್ನಿಗೆ ಮುಚ್ಚಳ ಹಾಕಿ, ನೀರು ಕುಡಿಯಿರಿ. ನನ್ನ ಬರವಣಿಗೆ ತರಗತಿಯಲ್ಲಿ ಎಲ್ಲರೂ ಹೋದ ಮೇಲೂ ಒಂದು ಕಪ್ಪು ಚೌಕ ಹಾಗೇ ಉಳಿಯುತ್ತಿತ್ತು. ಹೊರಗೆ ಹೋಗಲು ಮರೆತಿದ್ದಾರೆ ಅಂದುಕೊಂಡಿದ್ದೆ. ನಾಲ್ಕನೇ ವಾರ ಆ ಚೌಕದ ಮೈಕ್ ಆನ್ ಆಯಿತು. ‘ಸರ್, ಒಂದು ಕೇಳಬಹುದಾ?’